ಕೈಯೆತ್ತದವನ ಎರಡು ಸೆರೆವಾಸ

ಹಾರ್ಟೆನ್‌ಬಾಖ್, 8 ಫೆಬ್ರವರಿ 1953

ಲೋರೆ, ಮಗಳೇ,

ಈ ಕಾಗದ ಅಂಚೆಯಲ್ಲಿ ಬರುತ್ತಿಲ್ಲ. ಉಲಿಗ್ ಅಮ್ಮ ಮಗನನ್ನು ನೋಡಲು ಪಶ್ಚಿಮಕ್ಕೆ, ಹ್ಯಾನೋವರ್‌ಗೆ ಹೊರಟಿದ್ದಾಳೆ, ಗಡಿ ದಾಟುವ ಚೀಟಿ ಸಿಕ್ಕಿದೆ. ಕೋಟಿನ ಒಳಮಡಿಕೆಯಲ್ಲಿ ಹೊಲಿದುಕೊಂಡು ತರುತ್ತಾಳೆ. ಅಂಚೆಗೆ ಹಾಕುವುದರಲ್ಲಿ ನಾನು ಚಳಿ, ಕೆಮ್ಮು, ಆಲೂಗಡ್ಡೆ ಬಿಟ್ಟು ಬೇರೇನೂ ಬರೆಯುವುದಿಲ್ಲವೆಂದು ನೀನು ಬೇಸರ ಮಾಡಿಕೊಂಡಿದ್ದೆ. ಇವತ್ತು ಮನಸ್ಸು ಬಿಚ್ಚಿ ಬರೆಯುತ್ತೇನೆ.

ನಿಮ್ಮಪ್ಪನ ಕಾಗದ ನಾಲ್ಕು ತಿಂಗಳಾದ ಮೇಲೆ ಬಂತು. ಹದಿನೈದು ಸಾಲು, ಅದಕ್ಕಿಂತ ಹೆಚ್ಚು ಬರೆಯುವ ಹಾಗಿಲ್ಲ. ಆರೋಗ್ಯವಾಗಿದ್ದೇನೆ, ಬೆಚ್ಚನೆಯ ಒಳ ಅಂಗಿ ಸಿಕ್ಕಿತು, ಲೋರೆಗೆ ಮುತ್ತು. ಹಾಳೆಯ ತಲೆಯಲ್ಲಿ ಜೈಲಿನ ನಿಯಮಗಳನ್ನು ಅಚ್ಚು ಹಾಕಿದ್ದಾರೆ. ಅದನ್ನು ಓದುತ್ತಿದ್ದ ಹಾಗೆ ಇದನ್ನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಬಟ್ಟೆ ಪೆಟ್ಟಿಗೆಯ ತಳದಿಂದ ಮೂವತ್ತಾರನೇ ಇಸವಿಯ ಕಾಗದ ತೆಗೆದೆ. ನೀನು ಆಗ ಹನ್ನೊಂದು ವರ್ಷದವಳು. ನಾಜಿಗಳು ಅಪ್ಪನನ್ನು ಇಟ್ಟಿದ್ದ ಜೈಲಿನಿಂದ ಬಂದದ್ದು ಅದು. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಸ್ಪಷ್ಟವಾಗಿ ಬರೆಯತಕ್ಕದ್ದು. ಜೈಲಿನ ವಿಷಯ ಬರೆಯಕೂಡದು. ನಿಯಮ ಮೀರಿದ ಪತ್ರಗಳನ್ನು ನಾಶಮಾಡಲಾಗುವುದು. ಹೆಚ್ಚುಕಡಿಮೆ ಅವೇ ಮಾತು. ಮುದ್ರೆಯ ಚಿತ್ರ ಮಾತ್ರ ಬೇರೆ. ನನಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಸುಸ್ತಾಯಿತು ಅಷ್ಟೆ.

ಕಳೆದ ವಾರ ಪೆಚೋಲ್ಡ್ ಬಂದಿದ್ದ. ಕೆಳಮನೆಯವನೇ, ನಿನಗೆ ನೆನಪಿರಬೇಕು. ಹಿಟ್ಲರ್ ಕಾಲದಲ್ಲಿ ಚಳಿಗಾಲದ ನಿಧಿ ಅಂತ ಡಬ್ಬಿ ಅಲ್ಲಾಡಿಸಿಕೊಂಡು ಮನೆಮನೆ ಹತ್ತುತ್ತಿದ್ದನಲ್ಲ, ಈಗ ರಷ್ಯನ್ನರ ಜೊತೆಗಿನ ಸೌಹಾರ್ದ ಸಂಘದ ಚೀಟಿ ಹಿಡಿದುಕೊಂಡು ಅದೇ ಮೆಟ್ಟಿಲು ಹತ್ತುತ್ತಾನೆ. ಈ ಸಲ ಚೀಟಿ ಮಾರಲು ಬಂದದ್ದಲ್ಲ. "ಆಲ್ಮಾ ಅಮ್ಮ, ಓಸ್ವಿನ್‌ಗೆ ಕೊಟ್ಟಿದ್ದ ಆ ಪ್ರಮಾಣಪತ್ರ ಬೇಕಾಗಿತ್ತು, ಸಮಿತಿಯವರು ಕೇಳಿಕಳಿಸಿದ್ದಾರೆ" ಅಂದ. 'ಫ್ಯಾಸಿಸಂನ ಬಲಿಪಶು' ಎಂದು ನಲವತ್ತೈದರಲ್ಲಿ ಕೊಟ್ಟದ್ದು.

"ಯಾಕಪ್ಪ, ಅವನು ಆಗ ಜೈಲಿನಲ್ಲಿರಲೇ ಇಲ್ಲವಾ?" ಅಂದೆ.

"ಇದ್ದ. ನಾನೇ ಕಣ್ಣಾರೆ ನೋಡಿದೀನಿ ಕರ್ಕೊಂಡು ಹೋಗಿದ್ದು."

"ನೀನು ನೋಡದೇ ಇರ್ತೀಯಾ!"

ಅವನ ಮುಖ ಕೆಂಪಾಯಿತು. "ಈಗ ಅವನು ಜನರ ಶತ್ರು ಅಂತ ತೀರ್ಮಾನ ಆಗಿದೆ. ಶತ್ರು ಆದವನು ಹಿಂದೆ ಬಲಿಪಶು ಆಗಿದ್ದಿರೋಕೆ ಬರಲ್ಲ. ನಾನೇನು ಮಾಡ್ಲಿ, ಹೇಳಿ."

ಕೊಟ್ಟು ಕಳಿಸಿದೆ. ನಾಜಿಗಳಿಗೆ ಎದುರು ನಿಂತವನೆಂದು ಕಾಲುಚೀಲದ ಕಾರ್ಖಾನೆಯ ಗೋಡೆಗೆ ಹಾಕಿದ್ದ ಅಪ್ಪನ ಫೋಟೋವನ್ನು ಅವನನ್ನು ಹಿಡಿದ ವಾರವೇ ತೆಗೆದಿದ್ದರು. ಮೊಳೆ ಈಗಲೂ ಹಾಗೇ ಇದೆಯಂತೆ.

ನೀನು ಊಟ ಸರಿಯಾಗಿ ಮಾಡು. ಇದನ್ನು ಓದಿ ಸುಟ್ಟುಬಿಡು.

ನಿನ್ನ
ಅಮ್ಮ

*

ಹ್ಯಾನೋವರ್, 1 ಮಾರ್ಚ್ 1953

ಅಮ್ಮಾ,

ಉಲಿಗ್ ಅಮ್ಮ ನಾಳೆ ವಾಪಸು ಹೊರಡುತ್ತಾಳೆ. ಕೋಟು ನನ್ನ ಮುಂದಿದೆ, ಬರೆದು ಮುಗಿಸಿ ಹೊಲಿಯಬೇಕು. ನಿನ್ನ ಕಾಗದ ಸುಟ್ಟೆ. ಸುಡಲು ಮನಸ್ಸು ಬರಲಿಲ್ಲ, ಆದರೂ ಸುಟ್ಟೆ.

ಅಪ್ಪನ ಬಿಡುಗಡೆಗೆ ಇಲ್ಲಿ ಯಾರಾದರೂ ದನಿಯೆತ್ತಲಿ ಎಂದು ಒಂದು ಪತ್ರಿಕೆಯ ಕಚೇರಿಗೆ ಹೋಗಿದ್ದೆ. ಸಂಪಾದಕ ಕಾಫಿ ತರಿಸಿದ. ಎಲ್ಲ ಹೇಳಿದೆ. ಮೂವತ್ತೈದರಲ್ಲಿ ಕಾರ್ಖಾನೆಯ ಸಭೆಯಲ್ಲಿ ಎಲ್ಲರೂ ಹಿಟ್ಲರ್‌ಗೆ ಕೈಯೆತ್ತಿ ವಂದಿಸಿದಾಗ ಅಪ್ಪ ಎತ್ತಲಿಲ್ಲ. ಅದಕ್ಕೆ ಮೂರು ವರ್ಷ. ಯುದ್ಧ ಮುಗಿದ ಮೇಲೆ ಅವನ ಸಮಾಜವಾದಿ ಪಕ್ಷವನ್ನು ಕಮ್ಯುನಿಸ್ಟರ ಪಕ್ಷದೊಳಗೆ ಕರಗಿಸುವ ಸಭೆ ನಡೆಯಿತು. ಒಪ್ಪಿದವರೆಲ್ಲ ಕೈಯೆತ್ತಿ ಅಂದಾಗಲೂ ಎತ್ತಲಿಲ್ಲ. ಎರಡು ವರ್ಷ ಕಾದರು, ನಲವತ್ತೆಂಟರಲ್ಲಿ ರಷ್ಯನ್ನರು ಎತ್ತಿಕೊಂಡು ಹೋದರು, ಇಪ್ಪತ್ತೈದು ವರ್ಷ ವಿಧಿಸಿದರು. ಸಂಪಾದಕ ತಲೆಯಾಡಿಸುತ್ತ ಬರೆದುಕೊಂಡ.

ಶನಿವಾರ ಅಚ್ಚಾಯಿತು. 'ಕೆಂಪು ಜೈಲಿನಲ್ಲಿ ಒಬ್ಬ ಜರ್ಮನ್ ಕಾರ್ಮಿಕ'. ಮೊದಲ ಮೂರು ವರ್ಷದ ಸುಳಿವೇ ಇಲ್ಲ. ಹೋಗಿ ಕೇಳಿದೆ. "ನೋಡಿ ತಂಗಿ, ಜನ ಆ ಹಳೇ ಕಥೆ ಕೇಳಿ ಕೇಳಿ ದಣಿದಿದ್ದಾರೆ. ಎರಡೂ ಹಾಕಿದರೆ ಓದುವವರಿಗೆ ಗೊಂದಲ ಆಗತ್ತೆ" ಅಂದ. ಮನೆಗೆ ಬಂದರೆ, ಮಾಲೀಕ ಬ್ರೆಡೆ ಮೆಟ್ಟಿಲ ಹತ್ತಿರ ನಿಂತು ನನ್ನ ಕೈ ಕುಲುಕಿದ. ಅವನು ಹಿಂದೆ ಯಾವ ಸಮವಸ್ತ್ರದಲ್ಲಿದ್ದ ಎಂದು ಇಡೀ ಬೀದಿಗೆ ಗೊತ್ತು. "ನಿಮ್ಮ ತಂದೆ ವೀರರು, ನಾವು ಮೊದಲಿಂದ ಹೇಳ್ತಾನೇ ಇದ್ವಲ್ಲ ಈ ಕೆಂಪರ ಬಗ್ಗೆ" ಅಂದ. ಆ ಕೈಯನ್ನು ನಾನು ಆಸ್ಪತ್ರೆಯ ಸೋಪಿನಲ್ಲಿ ತೊಳೆದೆ ಅಮ್ಮಾ.

ಅಲ್ಲಿ ಅಪ್ಪನ ಒಂದು ಅರ್ಧ ಅಳಿಸುತ್ತಾರೆ, ಇಲ್ಲಿ ಇನ್ನೊಂದು ಅರ್ಧ. ಪೂರ್ತಿ ಮನುಷ್ಯ ಯಾರಿಗೂ ಬೇಡ.

ರಾತ್ರಿ ಪಾಳಿ ಮುಗಿದಿದೆ, ಕಣ್ಣು ಎಳೆಯುತ್ತಿದೆ.

ನಿನ್ನ
ಲೋರೆ

*

ಹಾರ್ಟೆನ್‌ಬಾಖ್, 22 ಏಪ್ರಿಲ್ 1953

ಪ್ರೀತಿಯ ಪುತ್ರಿ ಆನ್ನೆಲೋರ್‌ಗೆ,

ನಾನು ಕ್ಷೇಮ. ನೀನು ನಿನ್ನ ತಾಯ್ನಾಡಿಗೆ ಮರಳಿ ಬರಬೇಕೆಂಬುದು ನನ್ನ ಆಶಯ. ನಮ್ಮ ಗಣರಾಜ್ಯದಲ್ಲಿ ತರಬೇತಿ ಪಡೆದ ದಾದಿಯರಿಗೆ ಉಜ್ವಲ ಭವಿಷ್ಯವಿದೆ, ವಸತಿಯನ್ನೂ ಒದಗಿಸಲಾಗುವುದು. ನೀನು ಪಶ್ಚಿಮದ ಪತ್ರಿಕೆಗೆ ನೀಡಿದ ಹೇಳಿಕೆಯನ್ನು ಹಿಂತೆಗೆದುಕೊಂಡು ಮರಳಿ ಬಂದಲ್ಲಿ ನಿನ್ನ ತಂದೆಯ ಪ್ರಕರಣವನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದೆಂದು ನನಗೆ ತಿಳಿದುಬಂದಿದೆ. ಮೇ ತಿಂಗಳ ಒಳಗಾಗಿ ಬರುವುದು.

ನಿನ್ನ ತಾಯಿ
ಆಲ್ಮಾ ನೆಸ್ಟ್ಲರ್

*

ಹ್ಯಾನೋವರ್, 3 ಮೇ 1953

ಅಮ್ಮಾ,

ನಿನ್ನ ಕಾಗದ ತಲುಪಿತು. ನೀನು ನನ್ನನ್ನು ಯಾವತ್ತೂ ಆನ್ನೆಲೋರ್ ಅಂತ ಕರೆದವಳಲ್ಲ. ಇರಲಿ. ಅದರಲ್ಲಿ ಅಪ್ಪನ ಬಗ್ಗೆ ಇರುವ ಮಾತು ನಿಜವಾಗುವುದಾದರೆ ಬೇರೆ ಲೆಕ್ಕಾಚಾರ ನನಗೆ ಬೇಕಿಲ್ಲ. ಆಸ್ಪತ್ರೆಗೆ ರಾಜೀನಾಮೆ ಕೊಟ್ಟಿದ್ದೇನೆ. 20ರ ರೈಲಿಗೆ ಬರುತ್ತೇನೆ. ನನ್ನ ಹಾಸಿಗೆ ಬಿಸಿಲಿಗೆ ಹಾಕಿಡು.

ಲೋರೆ

*

ಹಾರ್ಟೆನ್‌ಬಾಖ್, 9 ಮೇ 1953

ಲೋರೆ,

ಬರಬೇಡ. ಕೇಳಿಸಿತಾ? ಬರಬೇಡ.

ಉಲಿಗ್ ಅಮ್ಮನ ತಮ್ಮ ರೈಲ್ವೆಯವನು, ಬರ್ಲಿನ್‌ವರೆಗೆ ಹೋಗುತ್ತಾನೆ. ಪಶ್ಚಿಮದ ಕಡೆಗೆ ದಾಟಿ ಅಲ್ಲಿಂದ ಅಂಚೆಗೆ ಹಾಕುತ್ತೇನೆ ಅಂದಿದ್ದಾನೆ. ದೇವರು ಅವನನ್ನು ಚೆನ್ನಾಗಿಟ್ಟಿರಲಿ.

ಆ ಕಾಗದದಲ್ಲಿ ಕೈ ಮಾತ್ರ ನನ್ನದು. ಇಬ್ಬರು ಬಂದಿದ್ದರು. ಅಡುಗೆಮನೆಯ ಮೇಜಿನ ಆಚೆ ಕೂತು ಒಬ್ಬ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ವಯಸ್ಸಿನಲ್ಲಿ ನಿನಗಿಂತ ಚಿಕ್ಕವನಿರಬೇಕು, ಬಹಳ ಮರ್ಯಾದೆಯವನು, ಶೂ ಬಾಗಿಲಲ್ಲೇ ಒರೆಸಿಕೊಂಡು ಬಂದ. ಮುಗಿಸಿದ ಮೇಲೆ ಇನ್ನೊಂದು ಹಾಳೆ ಮುಂದಿಟ್ಟ. "ಇದು ನಿಮ್ಮ ಯಜಮಾನರಿಗೆ. ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಕೇಳಿದ್ದೇವೆ, ಹಠ ಮಾಡ್ತಿದ್ದಾರೆ. ಹೆಂಡತಿ ಹೇಳಿದರೆ ಕೇಳ್ತಾರೆ."

"ಕೇಳಲ್ಲ" ಅಂದೆ.

"ಹೇಗೆ ಗೊತ್ತು ನಿಮಗೆ?"

"ಹಿಂದೆ ಒಂದು ಸಲ ಬರೆದಿದ್ದೆ."

ಅವನಿಗೆ ಅರ್ಥವಾಗಲಿಲ್ಲ. ನಿನಗೂ ಇದು ಗೊತ್ತಿಲ್ಲ, ಹದಿನೇಳು ವರ್ಷ ಯಾರಿಗೂ ಹೇಳಲಿಲ್ಲ. ಮೂವತ್ತಾರರ ಆಗಸ್ಟ್‌ನಲ್ಲೂ ಹೀಗೇ ಇಬ್ಬರು ಬಂದಿದ್ದರು. ಇನ್ನು ಮುಂದೆ ಸರ್ಕಾರಕ್ಕೆ ವಿಧೇಯನಾಗಿರುತ್ತೇನೆ, ಗೆಳೆಯರ ಚಟುವಟಿಕೆ ತಿಳಿಸುತ್ತೇನೆ ಎಂದು ಓಸ್ವಿನ್ ಸಹಿ ಹಾಕಿದರೆ ಸೆಪ್ಟೆಂಬರ್‌ನಲ್ಲಿ ಮನೆಗೆ ಬಿಡುತ್ತೇವೆ ಅಂದರು. ಆಗ ಯಾರೂ ಹೇಳಿ ಬರೆಸಲಿಲ್ಲ ಲೋರೆ. ನಾನೇ ಬರೆದೆ. ಕಾಲಿಗೆ ಬೀಳುತ್ತೇನೆ, ಹಾಕಿಬಿಡು, ಮಕ್ಕಳ ಮುಖ ನೋಡು ಎಂದು ಎರಡೂ ಬದಿ ತುಂಬ ಬರೆದೆ. ಅವನು ಹಾಕಲಿಲ್ಲ. ನವೆಂಬರ್‌ನಲ್ಲಿ ನಿನ್ನ ತಮ್ಮ ರೂಡಿಗೆ ಗಂಟಲುಮಾರಿ ಬಂತು. ಆರು ವರ್ಷದ ಮಗುವನ್ನು ಹೊತ್ತುಕೊಂಡು ನಾನೊಬ್ಬಳೇ ಮಂಜಿನಲ್ಲಿ ಆಸ್ಪತ್ರೆಗೆ ನಡೆದದ್ದು ನಿನಗೆ ನೆನಪಿರಬೇಕು, ನೀನು ನನ್ನ ಹಿಂದೆ ಬೂಟಿಲ್ಲದೆ ಓಡಿ ಬಂದೆ. ಹೆಗಲಿನ ಮೇಲೆಯೇ ಉಸಿರು ನಿಂತಿತ್ತು. ಅಪ್ಪ ಇದ್ದಿದ್ದರೆ ಸೈಕಲ್ಲಿನಲ್ಲಿ ಕಾಲು ಗಂಟೆಯ ದಾರಿ.

ನಾನು ಅವನನ್ನು ಕ್ಷಮಿಸಲಿಲ್ಲ. ಬಾಯಲ್ಲಿ ಒಂದು ಮಾತೂ ಆಡಲಿಲ್ಲ, ಬಡಿಸಿದೆ, ಬಟ್ಟೆ ಒಗೆದೆ, ಪಕ್ಕದಲ್ಲಿ ಮಲಗಿದೆ. ಕ್ಷಮಿಸಲಿಲ್ಲ.

ಈ ಸಲದ ಹಾಳೆಯನ್ನು ಹಾಗೇ ವಾಪಸು ತಳ್ಳಿದೆ. ಯಾಕೆ ಅಂತ ಕೇಳಬೇಡ, ನನಗೂ ಗೊತ್ತಿಲ್ಲ. ಗಂಡನಿಗೆ ಬರೆಯದವಳು ಮಗಳಿಗೆ ಹೇಗೆ ಬರೆದೆ ಎಂದು ನೀನು ಕೇಳಬಹುದು. ಹೆದರಿದ್ದೆ. ಎರಡನೇ ಹಾಳೆಯ ಹೊತ್ತಿಗೆ ಹೆದರಿಕೆ ಮುಗಿದುಹೋಗಿತ್ತು.

ನೀನು ಬಂದರೆ ಅವರ ಕೈಯಲ್ಲಿ ಇಬ್ಬರಾಗುತ್ತೀರಿ. ಹೋಗಿ ನಿನ್ನ ಕೆಲಸ ವಾಪಸು ಕೇಳು.

ಅಮ್ಮ

*

ಹಾರ್ಟೆನ್‌ಬಾಖ್, 24 ಜೂನ್ 1953
(ಅಂಚೆ ಕಾರ್ಡು)

ಮಗಳೇ, ರೇಡಿಯೋ ಕೇಳಿ ಗಾಬರಿಯಾಗಬೇಡ. ನಾನು ಚೆನ್ನಾಗಿದ್ದೇನೆ. ಹೋದ ವಾರ ಕಾರ್ಖಾನೆಗೆ ಎರಡು ದಿನ ರಜೆ ಇತ್ತು. ಬೀದಿಯಲ್ಲಿ ಭಾರದ ಗಾಡಿಗಳು ಓಡಾಡಿದವು, ಕಿಟಕಿಯ ಒಂದು ಗಾಜು ಒಡೆದಿದೆ. ಈಗ ಎಲ್ಲ ನಿಶ್ಶಬ್ದ. ಸ್ಟ್ರಾಬೆರಿ ಚೆನ್ನಾಗಿ ಬಂದಿದೆ. ನೀನು ಅಲ್ಲೇ ಇರುವುದು ತಿಳಿದು ಸಮಾಧಾನವಾಯಿತು.

ಅಮ್ಮ

*

ಹಾರ್ಟೆನ್‌ಬಾಖ್, 7 ಫೆಬ್ರವರಿ 1954

ಲೋರೆ,

ನಿಮ್ಮಪ್ಪ ಮನೆಗೆ ಬಂದಿದ್ದಾನೆ.

ಜನವರಿ ಹತ್ತೊಂಬತ್ತು, ಮಂಗಳವಾರ. ಬಾಗಿಲು ತೆರೆದರೆ ಯಾರೋ ಮುದುಕ ದಾರಿ ಕೇಳಲು ಬಂದಿದ್ದಾನೆ ಅಂದುಕೊಂಡೆ. "ಆಲ್ಮಾ, ಒಳಗೆ ಬರಲಾ?" ಅಂದ. ತನ್ನ ಮನೆಗೆ ಬರಲು ಅಪ್ಪಣೆ ಕೇಳಿದ. ಹಲ್ಲು ನಾಲ್ಕೇ ಉಳಿದಿವೆ. ಆಲೂಗಡ್ಡೆ ಸೂಪಿನಲ್ಲಿ ಬ್ರೆಡ್ಡು ನೆನೆಸಿಕೊಟ್ಟೆ. ಉಂಡು ತಟ್ಟೆ ತಾನೇ ತೊಳೆದು, ಕುರ್ಚಿಯ ಪಕ್ಕ ನೆಟ್ಟಗೆ ನಿಂತ. "ಕೂತ್ಕೋ ಓಸ್ವಿನ್" ಅಂದ ಮೇಲೆ ಕೂತ.

ಹೋದ ಜೂನ್ ತಿಂಗಳಲ್ಲಿ ಮುಷ್ಕರ ಹೂಡಿದ ಕಾರ್ಮಿಕರ ಮೇಲೆ ಟ್ಯಾಂಕು ತಂದವರೇ ಈಗ ನೂರಾರು ಜನರನ್ನು ಬಿಟ್ಟಿದ್ದಾರಂತೆ. ಕ್ಷಮಾದಾನ. ಹತ್ತು ದಿನ ನಾನು ಏನೂ ಕೇಳಲಿಲ್ಲ. ಆಮೇಲೆ ಅವನೇ ಹೇಳಿದ, ಸಿಪ್ಪೆ ಸುಲಿಯುತ್ತ ಕೂತಿದ್ದಾಗ, ಮುಖ ಮೇಲೆತ್ತದೆ.

"ಸಹಿ ಹಾಕಿದೆ ಆಲ್ಮಾ."

"ಯಾವುದಕ್ಕೆ?"

"ಅದೇ. ತಿಂಗಳ ಮೊದಲ ಗುರುವಾರ ಅವರ ಕಚೇರಿಗೆ ಹೋಗಬೇಕು. ಹಳೇ ಗೆಳೆಯರು ಯಾರು, ಏನು ಮಾತಾಡ್ತಾರೆ, ಹೇಳಬೇಕು."

ಚಾಕು ಮೇಜಿನ ಮೇಲಿಟ್ಟೆ. "ನಾನು ಬರೆದಿರಲಿಲ್ಲವಲ್ಲ!" ಅಂದೆ.

"ಮೂವತ್ತಾರರಲ್ಲಿ ಬರೆದಿದ್ದೆಯಲ್ಲ. ಆ ಕಾಗದಕ್ಕೆ ಉತ್ತರ ಕೊಟ್ಟಿರಲಿಲ್ಲ. ಹದಿನೇಳು ವರ್ಷ ತಡವಾಯಿತು."

ಮಗಳೇ, ಯಾವ ಮಾತಿಗಾಗಿ ನಾನು ಅಷ್ಟು ವರ್ಷ ಒಳಗೊಳಗೇ ಅವನನ್ನು ಸುಟ್ಟೆನೋ, ಆ ಮಾತನ್ನು ಅವನು ನಡೆಸಿಕೊಟ್ಟ. ನನಗೆ ಸಂತೋಷವಾಗಬೇಕಿತ್ತು. ಹಿತ್ತಿಲಿಗೆ ಹೋಗಿ ಗೋಡೆ ಹಿಡಿದುಕೊಂಡು ನಿಂತೆ. ಅವನು ಸಹಿ ಹಾಕದೇ ಇರುವವನು ಎಂಬುದೊಂದೇ ನನ್ನ ಬದುಕಿನಲ್ಲಿ ಗಟ್ಟಿಯಾಗಿ ನಿಂತಿದ್ದದ್ದು ಎಂದು ಆಗ ಗೊತ್ತಾಯಿತು. ಬೈಯಲು ಒರಗಿಕೊಂಡಿದ್ದೂ ಅದೇ ಗೋಡೆಗೆ.

ಮೊನ್ನೆ ಗುರುವಾರ ಹೋಗಿ ಬಂದ. ಒಂದು ಗಂಟೆ ಕಾಲುಚೀಲದ ಯಂತ್ರದ ಸೂಜಿ ಹೇಗೆ ಮುರಿಯುತ್ತದೆ ಎಂದು ವಿವರಿಸಿದನಂತೆ. ಅವರೂ ತಾಳ್ಮೆಯಿಂದ ಬರೆದುಕೊಂಡರಂತೆ. ಎದ್ದು ಬರುವಾಗ, "ಮುಂದಿನ ಸಲ ಹೆಸರು ತನ್ನಿ, ನೆಸ್ಟ್ಲರ್ ಅವರೇ" ಅಂದರಂತೆ.

ಅಪ್ಪನಿಗೆ ನೀನೇ ಒಂದು ಕಾಗದ ಬರೆ. ರೈಲ್ವೆಯವನ ಹೆಸರಿಗೆ ಕಳಿಸು.

ಅಮ್ಮ

*

ಹಾರ್ಟೆನ್‌ಬಾಖ್, 21 ಫೆಬ್ರವರಿ 1954

ಲೋರೆ ಕಂದಾ,

ನಿನ್ನ ಕಾಗದ ಓದಿದೆ. ಅಕ್ಷರ ದೊಡ್ಡವರದ್ದಾಗಿದೆ.

ಪತ್ರಿಕೆಯವನು ಎರಡು ಜೈಲಿನಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಅಂತ ನನ್ನನ್ನು ಕೇಳಬೇಕು ಅಂದನಂತೆ. ಒಳಗೂ ಇದೇ ಪ್ರಶ್ನೆಯ ಮೇಲೆ ಮುದುಕರು ಜಗಳಾಡುತ್ತಿದ್ದರು. ನನ್ನ ಹಾಗೆ ಎರಡೂ ಕಡೆ ಉಂಡವರು ನಮ್ಮ ಕೋಣೆಯಲ್ಲಿ ಐದು ಜನ. ಒಬ್ಬ ಕಮ್ಯುನಿಸ್ಟನೇ ಇದ್ದ, ಹಿಟ್ಲರನ ಜೈಲಿನಿಂದ ಬದುಕಿ ಬಂದು ತನ್ನವರ ಕೈಯಲ್ಲೇ ಸಿಕ್ಕಿಬಿದ್ದವನು. "ಆ ಜೈಲಿನಲ್ಲಿ ಹಾಡು ಹೇಳಿಕೊಂಡಿದ್ದೆ ಕಣಯ್ಯಾ, ಹೊರಗೆ ನಮ್ಮವರಿದ್ದಾರೆ ಅಂತ. ಇಲ್ಲಿ ಯಾವ ಹಾಡು ಹೇಳ್ಲಿ? ಕಾವಲಿನವನೂ ಅದೇ ಹಾಡು ಹೇಳ್ತಾನಲ್ಲ" ಅನ್ನುತ್ತಿದ್ದ. ಅವನು ಐವತ್ತೊಂದರಲ್ಲಿ ಕ್ಷಯದಿಂದ ಹೋದ.

ನಾನು ತೂಗಿ ಹೇಳಲಾರೆ. ಮಾರುಕಟ್ಟೆಯ ಮೂಲೆಯಲ್ಲಿ ಗುಂಡಿ, ದಾರ ಮಾರುತ್ತಿದ್ದ ಯಹೂದಿ ಲೆವಿಸೋನ್ ನಿನಗೆ ನೆನಪಿರಬಹುದು. ಆ ಮನೆಯ ಆರು ಜನರಲ್ಲಿ ಒಬ್ಬರೂ ತಿರುಗಿ ಬರಲಿಲ್ಲ. ಅವರು ಏನನ್ನೂ ನಿರಾಕರಿಸಿರಲಿಲ್ಲ. ಸಹಿ ಹಾಕಿ ಬದುಕಿಕೋ ಅಂತ ಅವರಿಗೆ ಯಾರೂ ಹೇಳಲೂ ಇಲ್ಲ. ನಾನು ಎರಡು ಸಲವೂ ತಿರುಗಿ ಬಂದೆ. ಬಂದವನು ಅವರ ಪರವಾಗಿ ಎರಡೂ ಒಂದೇ ಅಂತ ಹೇಳುವುದು ತಪ್ಪು.

ಆದರೆ ವಿಚಾರಣೆಯ ಕೋಣೆಯ ಮಟ್ಟಿಗೆ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ದೀಪ ಒಂದೇ ಥರ. ನಿದ್ದೆಗೆಡಿಸುವುದು ಒಂದೇ ಥರ. ಕೊನೆಗೆ ಕೇಳುವ ಪ್ರಶ್ನೆಯೂ ಒಂದೇ: "ನಿನ್ನ ಹಿಂದೆ ಯಾರಿದ್ದಾರೆ?" ಯಾರೂ ಇಲ್ಲ ಸ್ವಾಮಿ, ನನಗೇ ಬೇಡ ಅನ್ನಿಸಿತು ಅಂದರೆ ಇಬ್ಬರೂ ಹೊಡೆದರು. ಒಬ್ಬ ಮನುಷ್ಯ ತಾನಾಗಿ ಬೇಡ ಅನ್ನಬಲ್ಲ ಎಂಬುದನ್ನು ಇಬ್ಬರೂ ನಂಬಲಿಲ್ಲ. ಮೊದಲಿನವರು ನನ್ನನ್ನು ನಾಯಿ ಅಂತ ಕರೆದು ಹೊಡೆದರು. ಎರಡನೆಯವರು ಸಂಗಾತಿ ಅಂತ ಕರೆದು ಹೊಡೆದರು, ಹೊಡೆದದ್ದು ನನ್ನ ಒಳ್ಳೆಯದಕ್ಕೇ ಅಂತ ನಾನು ಬರೆದುಕೊಡಬೇಕಾಗಿತ್ತು. ನಾನು ಹದಿನೆಂಟನೇ ವಯಸ್ಸಿನಿಂದ ನಂಬಿದ ಮಾತುಗಳನ್ನೆಲ್ಲ ಆ ಕೋಣೆಯ ಗೋಡೆಗೆ ಅಂಟಿಸಿದ್ದರು.

ನಿಮ್ಮಮ್ಮ ಮಾತಾಡುತ್ತಾಳೆ, ಆದರೆ ನನ್ನ ಮುಖ ನೋಡುವುದಿಲ್ಲ. ಸಹಿ ಹಾಕದಿದ್ದಾಗಲೂ ಹೀಗೇ ಇದ್ದಳು. ನನ್ನ ಕೈಯಿಂದ ಅವಳಿಗೆ ಸರಿಯಾದದ್ದು ಯಾವುದೂ ಆಗಲಿಲ್ಲ.

ಹೆಸರು ಮಾತ್ರ ಕೊಡಲಾರೆ. ಗುರುವಾರ ಬರುತ್ತಿದೆ.

ಅಪ್ಪ

*

ಪಶ್ಚಿಮ ಬರ್ಲಿನ್, ನಿರಾಶ್ರಿತರ ಶಿಬಿರ, 9 ಮಾರ್ಚ್ 1954

ಲೋರೆ,

ತಂತಿ ತಲುಪಿರಬೇಕು. ಈಗ ನಿಧಾನವಾಗಿ ಬರೆಯುತ್ತೇನೆ.

ಹೊರಡೋಣ ಅಂದವಳು ನಾನೇ. ಹೋದ ಭಾನುವಾರದ ಹಿಂದಿನ ಭಾನುವಾರ ಅವನು ಶೂಗೆ ಪಾಲಿಶ್ ಹಾಕುತ್ತ ಕೂತಿದ್ದ. "ಗುರುವಾರ ಹೋಗಿ, ಸಹಿ ವಾಪಸು ತಗೋತೀನಿ ಅಂತ ಹೇಳ್ತೀನಿ. ಮತ್ತೆ ಒಳಗೆ ಹಾಕ್ತಾರೆ. ಉಣ್ಣೆಯ ಕಾಲುಚೀಲ ಎರಡು ಜೊತೆ ತೆಗೆದಿಡು" ಅಂದ, ಪೇಟೆಗೆ ಹೋಗಿ ಬರುವವನ ಹಾಗೆ. ನನಗೆ ತಡೆಯಲಾಗಲಿಲ್ಲ. ಶೂ ಕಿತ್ತುಕೊಂಡೆ.

"ಸಾಕು! ಒಂದು ಸಲ ನೀನು ಹಾಕದೆ ನನ್ನನ್ನು ಒಂಟಿ ಮಾಡಿದೆ. ಇನ್ನೊಂದು ಸಲ ಹಾಕಿ ಮಾಡಿದೆ. ಈಗ ವಾಪಸು ತಗೊಂಡು ಮೂರನೇ ಸಲ ಮಾಡ್ತೀಯಾ? ನನ್ನನ್ನು ಯಾವತ್ತಾದರೂ ಒಂದು ಮಾತು ಕೇಳಿದೀಯಾ ಓಸ್ವಿನ್?"

ಅವನು ಪಾಲಿಶ್ ಡಬ್ಬಿ ಮುಚ್ಚಿಟ್ಟ. ಆಮೇಲೆ, "ಈಗ ಕೇಳ್ತೀನಿ. ಏನು ಮಾಡೋಣ ಹೇಳು" ಅಂದ. ಮೂವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ.

ಮಂಗಳವಾರ ಬೆಳಗಿನ ರೈಲು ಹತ್ತಿದೆವು. ಸೂಟ್‌ಕೇಸ್ ಇಲ್ಲ, ಒಂದು ಕೇಕು, ಒಂದು ಕೈಚೀಲ. ಬೀಗ ಹಾಕಲಿಲ್ಲ, ಬೀಗ ಕಂಡರೆ ಪೆಚೋಲ್ಡ್‌ಗೆ ಅನುಮಾನ. ರೂಡಿಯ ಸಮಾಧಿಗೆ ಹಿಂದಿನ ದಿನವೇ ಹೋಗಿ ಬಂದಿದ್ದೆವು, ಇಬ್ಬರೂ ಒಟ್ಟಿಗೆ. ಅಲ್ಲಿ ಏನು ಮಾತಾಡಿದೆವು ಎಂಬುದು ನಮ್ಮಿಬ್ಬರಲ್ಲೇ ಇರಲಿ. ಬರ್ಲಿನ್ ಹತ್ತಿರ ಪೊಲೀಸಿನವನೊಬ್ಬ ಬೋಗಿಗೆ ಹತ್ತಿ ಚೀಟಿ ನೋಡಿದ. "ಎಲ್ಲಿಗೆ?"

"ತಂಗಿ ಮಗಳ ನಿಶ್ಚಿತಾರ್ಥಕ್ಕೆ" ಅಂದ ನಿಮ್ಮಪ್ಪ, ಒಂದಿಷ್ಟೂ ತಡವರಿಸದೆ. "ಹುಡುಗ ಕುಡುಕ ಅಂತಾರೆ. ನೋಡೋಣ ಅಂತ." ಪೊಲೀಸಿನವನು ನಕ್ಕ. "ಕುಡಿಯದವನು ಎಲ್ಲಿ ಸಿಗ್ತಾನೆ ತಾತ" ಅಂದು ಮುಂದೆ ಹೋದ. ಒಂದು ಸುಳ್ಳು ಹೇಳಿದ್ದರೆ ಎಂಟು ವರ್ಷದ ಜೈಲು ತಪ್ಪಿಸಿಕೊಳ್ಳುತ್ತಿದ್ದ ಮನುಷ್ಯ ಆಗ ಹೇಳಿದ ಲೋರೆ, ಐವತ್ತೈದನೇ ವಯಸ್ಸಿನಲ್ಲಿ, ಕೇಕು ತೊಡೆಯ ಮೇಲೆ ಇಟ್ಟುಕೊಂಡು.

ಇಲ್ಲಿ ಹದಿನಾಲ್ಕು ಜನರಿಗೆ ಒಂದು ಕೋಣೆ. ದಿನವೆಲ್ಲ ಸಾಲಿನಲ್ಲಿ ನಿಲ್ಲುವುದೇ ಕೆಲಸ. ವೈದ್ಯರ ಸಾಲು, ಊಟದ ಸಾಲು, ವಿಚಾರಣೆಯ ಸಾಲು. ವಿಚಾರಣೆ ಅನ್ನುವ ಪದ ಕೇಳಿಯೇ ಅಪ್ಪ ಬಿಳಿಚಿಕೊಂಡ. ನಿನ್ನೆ ಅವನ ಸರದಿ ಬಂತು. ಹೆಂಡತಿಯೂ ಒಳಗೆ ಬರಬಹುದು ಅಂದರು, ಹೋದೆ.

ಕಿಟಕಿಯ ಆಚೆ ನೆಗಡಿಯಾದ ಒಬ್ಬ ಗುಮಾಸ್ತ. ಮಾತಿಗೊಂದು ಸಲ ಮೂಗು ಒರೆಸಿಕೊಳ್ಳುತ್ತಿದ್ದ. ಊರು, ಕಸುಬು, ಹುಟ್ಟಿದ ದಿನ ಎಲ್ಲ ಬರೆದುಕೊಂಡ. "ಯಾವ ಕಾಲದ ಸೆರೆವಾಸ? ನಾಜಿ ಕಾಲದ್ದಾದರೆ ಪಕ್ಕದ ಕೋಣೆ, ರಷ್ಯನ್ನರ ಕಾಲದ್ದಾದರೆ ಇಲ್ಲಿ" ಅಂದ.

"ಎರಡೂ" ಅಂದ ಅಪ್ಪ.

ಗುಮಾಸ್ತ ತಲೆಯೆತ್ತಿ ನೋಡಿದ, ನಿಟ್ಟುಸಿರು ಬಿಟ್ಟ. "ಹಾಗಾದರೆ ಎರಡು ಅರ್ಜಿ. ಇದನ್ನ ತುಂಬಿ, ಕೆಳಗೆ ಸಹಿ ಹಾಕಿ."

ಅಪ್ಪ ಹಾಳೆಯನ್ನು ನೋಡುತ್ತ ನಿಂತ. ಪೆನ್ನು ತೆಗೆದುಕೊಳ್ಳಲಿಲ್ಲ. ನಾನು ಅವನ ತೋಳು ಹಿಡಿದುಕೊಂಡೆ. ಹಿಂದಿನ ಸಾಲಿನವರು ಗೊಣಗತೊಡಗಿದರು. "ಹಾಕದಿದ್ದರೆ?" ಎಂದು ಕೇಳಿದ. ಧ್ವನಿ ಎಷ್ಟು ಸಣ್ಣಗಿತ್ತೆಂದರೆ ಗುಮಾಸ್ತನಿಗೆ ಕೇಳಿಸಲಿಲ್ಲ, ಮತ್ತೆ ಕೇಳಬೇಕಾಯಿತು. "ಸಹಿ ಹಾಕದಿದ್ದರೆ ಏನಾಗತ್ತೆ?"

ಗುಮಾಸ್ತ ಕರವಸ್ತ್ರ ಮಡಿಸುತ್ತ, "ಏನಾಗತ್ತೆ? ಏನೂ ಆಗಲ್ಲ. ಹಾಕಬೇಕು ಅನ್ನಿಸಿದ ದಿನ ಬನ್ನಿ. ಎಂಟರಿಂದ ನಾಲ್ಕರವರೆಗೆ ಇರ್ತೀವಿ. ಮುಂದಿನವರು ಬನ್ನಿ" ಅಂದ.

ಅಪ್ಪ ಹೊರಗೆ ಬಂದು ಅಂಗಳದ ಬೆಂಚಿನ ಮೇಲೆ ಕೂತ. ಟೋಪಿ ತೆಗೆದ. ಅವನ ಭುಜ ಕುಲುಕುತ್ತಿತ್ತು, ಅಳುತ್ತಿದ್ದಾನೆ ಅಂದುಕೊಂಡು ಪಕ್ಕದಲ್ಲಿ ಕೂತೆ. ನಗುತ್ತಿದ್ದ. ನಾಲ್ಕು ಹಲ್ಲಿನ ಬಾಯಿ ತೆರೆದು, ಕಣ್ಣಲ್ಲಿ ನೀರು ಸುರಿಸಿಕೊಂಡು.

"ಕೇಳಿದೆಯಾ ಆಲ್ಮಾ?" ಅಂದ. "ಏನೂ ಆಗಲ್ಲವಂತೆ."

ನಿನ್ನ
ಅಮ್ಮ